ಲಾಂದ್ರದ ಮನೆಯ ಆರನೆಯವನು

ಓರಿನ್ ಸ್ಟಕಿಗೆ ಇಡೀ ಲೋಕದಲ್ಲಿ ಒಬ್ಬನೇ ಒಬ್ಬನ ಮೇಲೆ ಹೊಟ್ಟೆಕಿಚ್ಚು. ಅದನ್ನು ಅವನು ಸಿಕ್ಕಸಿಕ್ಕವರ ಮೇಲೆಲ್ಲ ಹಂಚಿ ತೆಳ್ಳಗೆ ಮಾಡಿಕೊಂಡವನಲ್ಲ. ಅವನ ನೆಲಹಾಸಿನ ಅಂಗಡಿಯ ಎದುರಿಗೇ ಇನ್ನೂ ದೊಡ್ಡದೊಂದು ಅಂಗಡಿ ಬಂದಾಗ "ಬರ್ಲಿ ಬಿಡು, ಊರಲ್ಲಿ ನೆಲಕ್ಕೇನು ಬರವಾ?" ಎಂದು ನಕ್ಕವನು ಅವನು. ಭಾವಮೈದ ಕೆರೆ ದಂಡೆಯಲ್ಲಿ ಎರಡನೇ ಮನೆ ಕಟ್ಟಿಸಿದಾಗ ತಾನೇ ಹೋಗಿ ಮಂಡಿಯೂರಿ ಕಾರ್ಪೆಟ್ ಹಾಸಿಕೊಟ್ಟು, ಊಟ ಮಾಡಿ, ಹರಸಿ ಬಂದಿದ್ದ. ಆದರೆ ಗ್ರಾಂಟ್ ಪೆಲ್ಹಮ್ ಎಂಬ ಹೆಸರು ಕಿವಿಗೆ ಬಿದ್ದರೆ ಮುಗಿಯಿತು, ಕುಡಿಯುತ್ತಿದ್ದ ಕಾಫಿ ಕಷಾಯವಾಗುತ್ತಿತ್ತು. ಹೆಂಡತಿ ಡಾರ್ಲಾ ಆ ಹೆಸರನ್ನು ಮನೆಯಲ್ಲಿ ಎತ್ತುವುದನ್ನೇ ಬಿಟ್ಟಿದ್ದಳು.

ಈ ಕಿಚ್ಚಿಗೆ ಕಾರಣ ಹೆಣ್ಣಲ್ಲ, ಹೊನ್ನಲ್ಲ, ಮಣ್ಣೂ ಅಲ್ಲ. ಒಂದು ಹಳೇ ಲಾಂದ್ರ, ಮತ್ತು ಅದನ್ನು ಕಾಯುತ್ತಿದ್ದ ಒಬ್ಬ ಮನುಷ್ಯ.

ಒಹಾಯೋದ ಹಾರ್ಲನ್ ಫಾಲ್ಸ್‌ನಲ್ಲಿ ಕಾಲೇಜಿನ ಹಿಂದಿನ ಗುಡ್ಡದ ಮೇಲೆ ಇಟ್ಟಿಗೆಯ ಒಂದು ಮನೆಯಿದೆ. ಕಾಲೇಜು ಹುಡುಗರ ಸಹೋದರ ಸಂಘದ ಮನೆ ಅದು. ಬಾಗಿಲ ಮೇಲೆ ಗ್ರೀಕ್ ಅಕ್ಷರಗಳಿವೆ, ಊರಿನಲ್ಲಿ ಯಾರೂ ಓದುವ ಗೋಜಿಗೆ ಹೋಗುವುದಿಲ್ಲ. ಲಾಂದ್ರದ ಮನೆ ಎನ್ನುತ್ತಾರೆ. ಗುಟ್ಟಿನ ಸಂಘಗಳನ್ನು ಕಾಲೇಜು ನಿಷೇಧಿಸಿದ್ದ ಕಾಲದಲ್ಲಿ ಐದು ಜನ ಹುಡುಗರು ಹಿಮ ಸುರಿಯುವ ರಾತ್ರಿ ಒಂದು ದನದ ಕೊಟ್ಟಿಗೆಯಲ್ಲಿ ಸೇರಿ ಅಣ್ಣತಮ್ಮಂದಿರ ಹಾಗೆ ಇರುತ್ತೇವೆಂದು ಆಣೆ ಮಾಡಿದರಂತೆ. ಆ ರಾತ್ರಿ ಉರಿದ ಲಾಂದ್ರವೇ ಈಗ ಊಟದ ಹಾಲಿನಲ್ಲಿ ಬೆಂಕಿಗೂಡಿನ ಮೇಲೆ ಕೂತಿದೆ. ಐವರ ಹೆಸರೂ ಅದರ ಮೇಲಿನ ಹಲಗೆಯಲ್ಲಿ ಬಂಗಾರದ ಬಣ್ಣದಲ್ಲಿವೆ.

ಆ ಮನೆಗೆ ಸೇರಬೇಕಾದರೆ ಕೈಪಿಡಿಯಲ್ಲಿರುವ ಮನೆಯ ಪುರಾಣವನ್ನೆಲ್ಲ ಬಾಯಿಪಾಠ ಮಾಡಬೇಕು. ಲಾಂದ್ರ ಹಿಡಿದ ಏಸಾ ವಿಟ್ಲಾಕನ ಕುದುರೆಯ ಹೆಸರೇನು? ಮೂರನೇ ಸಂಸ್ಥಾಪಕ ಯಾವ ವಿಷಯದಲ್ಲಿ ಫೇಲಾಗಿದ್ದ? ಮಹಡಿಯ ಮೆಟ್ಟಿಲಲ್ಲಿ ತುಳಿಯಬಾರದ್ದು ಯಾವುದು, ಯಾಕೆ? ಪಿಯಾನೋದ ಹಿಂದೆ ಮೇಕೆ ಸಿಕ್ಕಿದ್ದು ಯಾರ ಮದುವೆಯ ದಿನ? ಇದರಿಂದ ಲೋಕಕ್ಕೆ ಮೂರು ಕಾಸಿನ ಉಪಯೋಗವಿಲ್ಲ, ಒಪ್ಪಿದೆ. ಆದರೆ ಹೆಂಡತಿಯ ಹುಟ್ಟುಹಬ್ಬ ಮರೆಯುವ ಗಂಡಸರು ಎಪ್ಪತ್ತನೇ ವಯಸ್ಸಿನಲ್ಲೂ ಆ ಮೇಕೆಯ ಬಣ್ಣವನ್ನು ನೆನಪಿಟ್ಟಿರುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಉತ್ತರ ಹೇಳುವುದಕ್ಕೂ ಒಂದು ಪದ್ಧತಿಯಿದೆ. ಬೆಂಕಿಕಡ್ಡಿ ಗೀರಿ ಕೈಯಲ್ಲಿ ಹಿಡಿಯಬೇಕು. ಬೆರಳು ಸುಡುವುದರೊಳಗೆ ಉತ್ತರ ಮುಗಿಯಬೇಕು. ವರ್ಷಕ್ಕೊಮ್ಮೆ, ಫೆಬ್ರವರಿಯ ಸಂಸ್ಥಾಪಕರ ದಿನ, ಹಳಬರೂ ಹೊಸಬರೂ ಸೇರಿ ಮಧ್ಯಾಹ್ನ ಊಟ ಮಾಡಿ ಈ ಕಡ್ಡಿಯ ಪಂದ್ಯಕ್ಕೆ ಕೂರುತ್ತಾರೆ. ಓರಿನ್ ಸ್ಟಕಿಯ ಹೆಬ್ಬೆರಳಿನ ತುದಿ ಹಳೇ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿತ್ತು. ಅಷ್ಟು ವರ್ಷ ಅವನು ಆ ಪಂದ್ಯದಲ್ಲಿ ಗೆದ್ದಿದ್ದ.

ಓರಿನ್ ಬೇರ್ ಫೋರ್ಕ್ ಎಂಬ ಕೊಂಪೆಯವನು. ಅಪ್ಪನದು ಹಂದಿ ಸಾಕಣೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಇವನೇ ಮೊದಲು. ಲಾಂದ್ರದ ಮನೆಗೆ ಹೊಸದಾಗಿ ಬಂದಾಗ ವಕೀಲರ ಮಕ್ಕಳು, ಬ್ಯಾಂಕಿನವರ ಮಕ್ಕಳು ಇವನು ಹತ್ತಿರ ಬಂದರೆ ಮೂಗು ಮುಚ್ಚಿಕೊಂಡು "ಕಿಟಕಿ ತೆಗೀರಪ್ಪೋ!" ಎನ್ನುತ್ತಿದ್ದರು. ತಮಾಷೆಗೇ ಅನ್ನಿ. ಆದರೆ ಇವನು ದಿನಕ್ಕೆ ಎರಡೆರಡು ಸಲ ಸ್ನಾನ ಮಾಡಿ, ತೋಳು ಮೂಸಿ ಮೂಸಿ ನೋಡಿಕೊಳ್ಳುತ್ತಿದ್ದ. ಮೂರನೇ ವಾರದಲ್ಲಿ ಪೆಟ್ಟಿಗೆ ಕಟ್ಟಿಟ್ಟ.

ಆ ಮನೆಯಲ್ಲಿ ಪ್ರತಿ ಹೊಸಬನಿಗೂ ಹಳಬನೊಬ್ಬನನ್ನು ಅಣ್ಣ ಎಂದು ಗೊತ್ತುಮಾಡುತ್ತಾರೆ. ಓರಿನ್‌ಗೆ ಸಿಕ್ಕ ಅಣ್ಣ ಟಕ್ ಬ್ರೆನ್ನೆಮನ್. ಎತ್ತರದ ಆಳು, ದೊಡ್ಡ ಗಂಟಲು, ಇಡೀ ಕಾಲೇಜೇ ಹಿಂದೆ ಸುತ್ತುತ್ತಿದ್ದ ಹುಡುಗ. ಅಂಥವನು ಕಟ್ಟಿಟ್ಟ ಪೆಟ್ಟಿಗೆಯ ಮೇಲೆ ಬಂದು ಕೂತು ಹೇಳಿದ:

"ಎಲ್ಲಿಗೋ ಹೊರಟೆ? ನಿಮ್ಮೂರಿನವನು ಇಲ್ಲದಿದ್ರೆ ಈ ಮನೇನೇ ಇರ್ತಿರ್ಲಿಲ್ಲ ಕಣೋ."

ಆಮೇಲೆ ದನಿ ತಗ್ಗಿಸಿ ಕಥೆ ಹೇಳಿದ. ಆ ರಾತ್ರಿ ಕೊಟ್ಟಿಗೆಯಲ್ಲಿದ್ದವರು ಐವರಲ್ಲ, ಆರು ಜನ. ಆರನೆಯವನು ಬೇರ್ ಫೋರ್ಕಿನಿಂದ ಹಾಲು ಕರೆಯಲು ಬಂದ ಆಳುಮಗ, ಈಬನ್ ರೂಡ್. ಲಾಂದ್ರ ಅವನದೇ. ಒಳಗೆ ಐವರು ಆಣೆ ಮಾಡುವಾಗ ಬಾಗಿಲಲ್ಲಿ ಹಿಮಕ್ಕೆ ಮೈಯೊಡ್ಡಿ ಲಾಂದ್ರ ಹಿಡಿದು ನಿಂತವನೂ ಅವನೇ. ಕಾಲೇಜಿನವನಲ್ಲವಾದ್ದರಿಂದ ಹಲಗೆಯ ಮೇಲೆ ಹೆಸರು ಬರೆಯಲಿಲ್ಲ. "ಇದು ಕೈಪಿಡೀಲಿ ಇಲ್ಲ. ಎಲ್ಲೂ ಬಾಯಿ ಬಿಡ್ಬೇಡ. ಯಾರಾದ್ರೂ ನೆಟ್ಟಗೆ ಕೇಳೋ ದಿನ ಬರುತ್ತೆ, ಅವತ್ತು ಹೇಳು," ಎಂದ ಟಕ್. ಓರಿನ್ ಪೆಟ್ಟಿಗೆ ಬಿಚ್ಚಿದ.

ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ಅಣ್ಣನಾದವನು ತಮ್ಮನಿಗೆ ಮನೆಯ ಪುರಾಣ ಕಲಿಸುವಾಗ ಬೇಕೆಂತಲೇ ಒಂದು ಸುಳ್ಳು ಸೇರಿಸುತ್ತಾನೆ. ದೀಕ್ಷೆಯ ದಿನ ತಮ್ಮನ ಕಿವಿಯಲ್ಲಿ ಆ ಸುಳ್ಳು ಯಾವುದೆಂದು ಹೇಳಿ, ನಿಜವನ್ನು ಕೊಟ್ಟು, ಒಳಗೆ ಕರೆದುಕೊಳ್ಳುತ್ತಾನೆ. ಎಲ್ಲರಿಗೂ ಅಂಥದ್ದೊಂದು ಸುಳ್ಳಿರುತ್ತದೆ. ಓರಿನ್‌ನ ದೀಕ್ಷೆಯ ದಿನ ಟಕ್ ಬಗ್ಗಿ ಅವನ ಕಿವಿಗೆ ಬಾಯಿಟ್ಟ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಿನಗೆ ನಾನು ಸುಳ್ಳೇ ಹೇಳಿಲ್ಲ," ಎಂದ.

ಆಹಾ, ಆ ಒಂದು ಮಾತಿನ ಮೇಲೆ ಓರಿನ್ ಇಡೀ ಆಯುಷ್ಯ ಬದುಕಿದ! ಎಲ್ಲರ ಅಣ್ಣಂದಿರೂ ಸುಳ್ಳು ಹೇಳಿದರು, ನನ್ನ ಅಣ್ಣ ಹೇಳಲಿಲ್ಲ. ಇದನ್ನು ಅವನು ಬಿಯರ್ ಕುಡಿದಾಗ ಹೇಳುತ್ತಿದ್ದ, ಕುಡಿಯದಿದ್ದಾಗಲೂ ಹೇಳುತ್ತಿದ್ದ. ಈಬನ್ ರೂಡನ ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಬೇರ್ ಫೋರ್ಕಿನ ಸ್ಮಶಾನದಲ್ಲಿ ಅಕ್ಷರ ಸವೆದುಹೋದ, ರೂಡ್ ಎಂಬಷ್ಟೇ ಓದಬರುವ ಒಂದು ಕಲ್ಲು ಹುಡುಕಿ, ಪ್ರತಿ ಮೇ ತಿಂಗಳ ಕೊನೆಯಲ್ಲಿ, ಊರವರು ಸತ್ತವರನ್ನು ನೆನೆಯುವ ದಿನ, ಅದಕ್ಕೆ ಹೂವಿಟ್ಟು ಬರುತ್ತಿದ್ದ. ಒಂದು ವರ್ಷ ಟಕ್ಕನೇ ಜೊತೆಗೆ ಬಂದು ಟೋಪಿ ತೆಗೆದು ನಿಂತಿದ್ದ.

ಇನ್ನು ಗ್ರಾಂಟ್ ಪೆಲ್ಹಮ್. ಅವನು ಮುಂದಿನ ವರ್ಷ ಬಂದವನು. ಅವನಿಗೂ ಟಕ್ಕನನ್ನೇ ಅಣ್ಣ ಎಂದು ಗೊತ್ತುಮಾಡಿದರು. ಓರಿನ್‌ಗೆ ಮೈಯೆಲ್ಲ ಮೆಣಸಿನಪುಡಿ ಎರಚಿದ ಹಾಗಾಯಿತು. ಹುಡುಗ ಬೇರೆ ಚೆಲುವ, ಹಾಡುತ್ತಿದ್ದ, ನಗಿಸುತ್ತಿದ್ದ, ಅವನಪ್ಪ ಇದೇ ಮನೆಯ ಹಳೇ ಸದಸ್ಯ. ಟಕ್ ಮತ್ತು ಗ್ರಾಂಟ್ ವರಾಂಡದಲ್ಲಿ ನಿಂತು ನಕ್ಕರೆ ಓರಿನ್ ಮಹಡಿಯ ಕಿಟಕಿಯಿಂದ ನೋಡುತ್ತಿದ್ದ. 'ಏನು ಅಂಥಾ ನಗು? ನನ್ನ ಜೊತೆ ಯಾಕೆ ಹಾಗೆ ನಗಲ್ಲ?' ಒಂದೇ ಅಣ್ಣನ ಇಬ್ಬರು ತಮ್ಮಂದಿರು ಎಂದರೆ ದಾಯಾದಿಗಳಲ್ಲದೆ ಮತ್ತೇನು? ಆಗ ಅವನಿಗಿದ್ದ ಸಮಾಧಾನ ಒಂದೇ: ಗ್ರಾಂಟನಿಗೂ ಎಲ್ಲರಂತೆ ಒಂದು ಸುಳ್ಳು ಸಿಕ್ಕಿತ್ತು. ತನಗೆ ಸಿಕ್ಕಿರಲಿಲ್ಲ.

ಕಾಲೇಜು ಮುಗಿದ ಮೇಲೆ ಗ್ರಾಂಟ್ ಕೊಲಂಬಸ್‌ಗೆ ಹೋಗಿ ಹಲ್ಲಿನ ಡಾಕ್ಟರಾದ. ಟಕ್ ಊರಿನಲ್ಲೇ ಹೈಸ್ಕೂಲಿನ ಮೇಷ್ಟ್ರಾದ, ಲಾಂದ್ರದ ಯಜಮಾನಿಕೆಯೂ ಅವನಿಗೇ ಬಂತು. ಯಜಮಾನ ಎಂದರೆ ಸಂಸ್ಥಾಪಕರ ದಿನ ಲಾಂದ್ರ ಹೊತ್ತಿಸುವವನು, ದೀಕ್ಷೆಯ ದಿನ ಅದನ್ನು ಹಿಡಿದು ಹುಡುಗರನ್ನು ಒಳಗೆ ಕರೆಯುವವನು, ಸಾಯುವವರೆಗೂ ಅವನೇ. ಓರಿನ್ ಟಕ್ಕನ ನೆರಳಾಗಿ ಉಳಿದ. ಹುಡುಗರು ಬಿಯರ್ ಚೆಲ್ಲಿ ಹಾಲಿನ ಕಾರ್ಪೆಟ್ ಕೊಳೆಸಿದಾಗೆಲ್ಲ ಅಸಲು ಬೆಲೆಗೇ ಹೊಸದು ಹಾಸಿಕೊಟ್ಟ. ಬೇರೆ ಊರಿಗೆ ಕರೆದರೆ ಹೋಗಲಿಲ್ಲ. ಡಾರ್ಲಾ ಒಮ್ಮೆ ರೇಗಿ, "ನೀನು ನನ್ನ ಮದ್ವೆ ಆಗಿದ್ದೀಯೋ ಆ ಲಾಂದ್ರಾನೋ?" ಎಂದು ಕೇಳಿದ್ದಳು. ಓರಿನ್ ಉತ್ತರ ಕೊಡುವ ಮೊದಲು ಯೋಚಿಸಿದ್ದನ್ನು ಅವಳು ಇವತ್ತಿಗೂ ಆಡುತ್ತಾಳೆ.

ಹೀಗಿರುವಾಗ ಗ್ರಾಂಟ್ ಆಸ್ಪತ್ರೆ ಮಾರಿ ಊರಿಗೆ ವಾಪಸು ಬಂದ. ಬಂದವನು ಸುಮ್ಮನಿದ್ದಾನೆಯೇ? ಆ ಫೆಬ್ರವರಿಯ ಕಡ್ಡಿಯ ಪಂದ್ಯದಲ್ಲಿ ಓರಿನ್‌ಗೆ ಬೆವರಿಳಿಸಿಬಿಟ್ಟ. ಟಕ್ ಕಾಯಿಲೆ ಬಿದ್ದಾಗ ದಿನಾ ಹೋಗಿ ಹಾಸಿಗೆಯ ಪಕ್ಕ ಕೂತ, ಕಟ್ಟಿದ ಹಲ್ಲನ್ನು ಉಜ್ಜಿ ಸರಿಮಾಡಿ ತೊಡಿಸಿದ. ಓರಿನ್ ಸೂಪು ಹಿಡಿದುಕೊಂಡು ಹೋದರೆ ಅಲ್ಲಿ ಆಗಲೇ ಗ್ರಾಂಟನ ಕಾರು. ಎಷ್ಟೋ ಸಲ ಸೂಪನ್ನು ಹಾಗೇ ವಾಪಸು ತಂದು ತಾನೇ ಕುಡಿದ. ಟಕ್ ಶರತ್ಕಾಲದಲ್ಲಿ ತೀರಿಕೊಂಡ. ಶವಪೆಟ್ಟಿಗೆಗೆ ಇಬ್ಬರೂ ಹೆಗಲು ಕೊಟ್ಟರು, ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ, ಒಬ್ಬರ ಮುಖ ಒಬ್ಬರು ನೋಡದೆ.

ಈಗ ಲಾಂದ್ರಕ್ಕೆ ಯಜಮಾನ ಬೇಕಿತ್ತು. ಸಂಸ್ಥಾಪಕರ ದಿನ ಕಡ್ಡಿಯ ಪಂದ್ಯದಲ್ಲಿ ಗೆದ್ದವನಿಗೇ ಲಾಂದ್ರ ಎಂದು ಹುಡುಗರು ತೀರ್ಮಾನ ಮಾಡಿದರು. ಓರಿನ್ ಜನವರಿಯಿಡೀ ಅಂಗಡಿಯಲ್ಲಿ ಗಿರಾಕಿಗಳಿಗೆ ಮಾದರಿ ತುಂಡು ತೋರಿಸುತ್ತಲೇ ತುಟಿ ಆಡಿಸುತ್ತಿದ್ದ. ಒಬ್ಬ ಹೆಂಗಸು ಬೂದು ಕಾರ್ಪೆಟ್ಟಿನ ಬೆಲೆ ಕೇಳಿದರೆ ಮೇಕೆಯ ಬಣ್ಣ ಹೇಳಿದ.

ಪಂದ್ಯದ ದಿನ ಬೆಳಿಗ್ಗೆ ಡಾರ್ಲಾ ಟೈ ಸರಿಮಾಡುತ್ತ ಕೇಳಿದಳು, "ಲಾಂದ್ರ ನಿನಗೆ ಬರ್ದೇ ಹೋದ್ರೆ ಏನು ಮಾಡ್ತೀಯ?"

"ಬರುತ್ತೆ."

"ಬರ್ದೇ ಹೋದ್ರೆ ಅಂದೆ."

"ಅವನ ಕೈಗೆ ಹೋದ್ರೆ ನಾನು ಆ ಮನೆ ಮೆಟ್ಟಿಲು ತುಳಿಯಲ್ಲ. ಟಕ್ಕನ ಜಾಗದಲ್ಲಿ ಅವನನ್ನ ನೋಡೋಕೆ ನನ್ನ ಕೈಲಾಗಲ್ಲ, ಡಾರ್ಲಾ."

ಊಟದ ಹಾಲು ಜನರಿಂದ ತುಂಬಿತ್ತು. ಹೊಗೆಯಲ್ಲಿ ಬೇಯಿಸಿದ ಹಂದಿ ತೊಡೆ, ಕೆನೆ ಹಾಕಿದ ಆಲೂಗಡ್ಡೆ, ಹುರುಳಿಕಾಯಿ, ಬನ್ನು. ಟಕ್ಕನ ಕುರ್ಚಿಯನ್ನು ಖಾಲಿ ಬಿಟ್ಟಿದ್ದರು. ಓರಿನ್ ಅದರ ಎಡಗಡೆ ಕೂತ. ಗ್ರಾಂಟ್ ಬಲಗಡೆ ಕೂತು ಆ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟುಕೊಂಡ. ಇಟ್ಟ ಕೈಯನ್ನು ಊಟ ಮುಗಿಯುವವರೆಗೂ ತೆಗೆಯಲಿಲ್ಲ. ಓರಿನ್‌ಗೆ ಬಡಿಸಿದ್ದೆಲ್ಲ ತಟ್ಟೆಯಲ್ಲೇ ಉಳಿಯಿತು.

ಸಂಘದ ಅಧ್ಯಕ್ಷ ಡೆವಿನ್ ಎಂಬ ಹುಡುಗ ಪ್ರಶ್ನೆ ಕೇಳಲು ನಿಂತ. ಒಬ್ಬೊಬ್ಬರಾಗಿ ಬೆರಳು ಸುಟ್ಟುಕೊಂಡು ಕೂತರು. ಕೊನೆಗೆ ಇಬ್ಬರೇ ಉಳಿದರು. ಮಹಡಿಯ ಮೆಟ್ಟಿಲು, ಗ್ರಾಂಟ್ ಹೇಳಿದ. ಫೇಲಾದ ವಿಷಯ, ಓರಿನ್ ಹೇಳಿದ. ಹಳೇ ಅಡುಗೆಯವಳ ನಾಯಿಯ ಹೆಸರು, ಗ್ರಾಂಟ್. ಆ ನಾಯಿಯನ್ನು ಕದ್ದ ಪಕ್ಕದ ಸಂಘದವನ ಹೆಸರು, ಓರಿನ್. ಹುಡುಗರು ಚಮಚದಿಂದ ಮೇಜು ಕುಟ್ಟತೊಡಗಿದರು.

"ಸಾಕಪ್ಪಾ ಸಾಕು!" ಎಂದ ಡೆವಿನ್. "ನನ್ನ ಹತ್ರ ಇದ್ದದ್ದೆಲ್ಲ ಖಾಲಿ ಆಯ್ತು. ಹೊಸಬರಿಗೆ ಕೇಳೋ ಚೀಟಿಗಳ ಬುಟ್ಟಿಯಿಂದ ಒಂದು ಎತ್ತಿಬಿಡ್ತೀನಿ. ನಾಣ್ಯ ಚಿಮ್ಮೋದು, ಗೆದ್ದವರಿಗೆ ಪ್ರಶ್ನೆ. ಸರಿ ಹೇಳಿದ್ರೆ ಲಾಂದ್ರ ಅವರದ್ದು. ತಪ್ಪಿದ್ರೆ ಮಾತ್ರ ಇನ್ನೊಬ್ಬರಿಗೆ."

ನಾಣ್ಯ ಓರಿನ್ ಕಡೆಗೆ ಬಿತ್ತು. ಡೆವಿನ್ ಬುಟ್ಟಿಗೆ ಕೈಹಾಕಿ ಚೀಟಿ ಬಿಚ್ಚಿ, ನೋಡಿ, ನಕ್ಕುಬಿಟ್ಟ.

"ಆ ಮೊದಲನೇ ರಾತ್ರಿ ಲಾಂದ್ರ ಹಿಡಿದವರು ಯಾರು?"

"ಹೋ! ಇದು ಹಾಲು ಕುಡಿಯೋ ಮಕ್ಕಳ ಪ್ರಶ್ನೆ!" ಎಂದು ಯಾರೋ ಕೂಗಿದರು. ಕೂತವರೆಲ್ಲ ನಕ್ಕರು. ಗ್ರಾಂಟನೂ ನಕ್ಕು, "ಹೋಗ್ಲಿ ಬಿಡು ಓರಿನ್, ನಿನ್ನ ಅದೃಷ್ಟ," ಎಂದ.

ಏಸಾ ವಿಟ್ಲಾಕ್. ಎರಡೇ ಶಬ್ದ. ಕೈಪಿಡಿಯ ಮೊದಲನೇ ಪುಟದಲ್ಲಿದೆ, ಹಲಗೆಯ ಮೇಲಿದೆ, ಎರಡು ಶಬ್ದ ಹೇಳಿದ್ದರೆ ಲಾಂದ್ರ ಅವನದು. ಓರಿನ್ ಕಡ್ಡಿ ಗೀರಿದ. ಹೇಳಲು ಬಾಯಿ ತೆರೆದವನು ಗ್ರಾಂಟನನ್ನು ನೋಡಿದ. ಅವನ ಕೈ ಇನ್ನೂ ಟಕ್ಕನ ಕುರ್ಚಿಯ ಮೇಲೇ ಇತ್ತು. 'ಅದೃಷ್ಟ ಅಂತೆ! ನಾಣ್ಯ ಬಿತ್ತು, ಮಕ್ಕಳ ಪ್ರಶ್ನೆ ಸಿಕ್ಕಿತು, ಅದಕ್ಕೆ ಗೆದ್ದ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಟಕ್ ನನಗೆ ಏನು ಕೊಟ್ಟಿದ್ದ ಅಂತ ಇವನಿಗೆ ಗೊತ್ತಾಗುವುದು ಯಾವಾಗ? ನೆಟ್ಟಗೆ ಕೇಳುವ ದಿನ ಬರುತ್ತೆ ಅಂದಿದ್ದನಲ್ಲ. ಇದೇ ಆ ದಿನ.' ಹೊಟ್ಟೆಕಿಚ್ಚು ಮನುಷ್ಯನನ್ನು ಎಲ್ಲಿಂದೆಲ್ಲಿಗೆ ತಳ್ಳುತ್ತದೆ ನೋಡಿ. ಗೆಲುವು ಅಂಗೈಯಲ್ಲಿತ್ತು, ಇವನಿಗೆ ಗ್ರಾಂಟನ ಮುಖ ಸಣ್ಣಗಾಗುವುದೇ ಬೇಕಿತ್ತು.

"ಈಬನ್ ರೂಡ್," ಎಂದ ಓರಿನ್, ಇಡೀ ಹಾಲಿಗೆ ಕೇಳುವಂತೆ. "ಐವರಲ್ಲ, ಆರು ಜನ. ಬೇರ್ ಫೋರ್ಕಿನ ಆಳುಮಗ. ಲಾಂದ್ರ ಅವನದೇ. ಬಾಗಿಲಲ್ಲಿ ಹಿಮದಲ್ಲಿ ನಿಂತಿದ್ದ." ಕಡ್ಡಿ ಆರಿಸಿದ.

ಡೆವಿನ್ ಕೆನ್ನೆ ಕೆರೆದುಕೊಂಡ. "ಸ್ಟಕಿಯವ್ರೇ... ಕೈಪಿಡೀಲಿ ಏಸಾ ವಿಟ್ಲಾಕ್ ಅಂತಿದೆಯಲ್ಲ?"

"ಕೈಪಿಡೀಲಿ ಇಲ್ಲದ್ದು ಇದು. ಟಕ್ ಬ್ರೆನ್ನೆಮನ್ ಹೇಳಿದ್ದು. ನನಗೆ ಮಾತ್ರ."

ಹಳಬರ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಬನ್ನು ಮುರಿಯುತ್ತ ತಲೆ ತಗ್ಗಿಸಿದ. ಡೆವಿನ್ ಪಾಪ, ಏನು ಮಾಡಿಯಾನು? ಗ್ರಾಂಟನ ಕಡೆ ತಿರುಗಿದ. "ಪೆಲ್ಹಮ್ ಅವ್ರೇ, ಪ್ರಶ್ನೆ ನಿಮಗೆ."

ಗ್ರಾಂಟ್ ಟಕ್ಕನ ಕುರ್ಚಿಯಿಂದ ಕೈ ತೆಗೆದ. ಮುಖದಲ್ಲಿ ನಗುವಿರಲಿಲ್ಲ. ಕಡ್ಡಿ ಗೀರಿ ಸುಮ್ಮನೆ ಹಿಡಿದುಕೊಂಡ. ಜ್ವಾಲೆ ಇಳಿಯುತ್ತ ಬಂತು, ಅರ್ಧಕ್ಕೆ ಬಂತು, ಬೆರಳಿಗೆ ಬಂತು.

"ಈಬನ್ ರೂಡ್," ಎಂದ ಗ್ರಾಂಟ್. "ಬೇರ್ ಫೋರ್ಕಿನವನು."

ಹಾಲು ಎದ್ದು ನಿಂತಿತು. ಟಕ್ಕನ ಇಬ್ಬರು ತಮ್ಮಂದಿರೂ ಒಂದೇ ಮಾತು ಹೇಳುತ್ತಿದ್ದಾರೆಂದರೆ ಸುಳ್ಳಿರಲು ಸಾಧ್ಯವೇ? "ಆರನೆಯವನು! ಆರನೆಯವನು!" ಎಂದು ಹುಡುಗರು ಮೇಜು ಕುಟ್ಟಿದರು. ಹಲಗೆಯ ಮೇಲೆ ಇನ್ನೊಂದು ಹೆಸರು ಬರೆಸೋಣ ಎಂದ ಒಬ್ಬ. ಡೆವಿನ್ ಎರಡೂ ಕೈ ಮೇಲೆತ್ತಿ, "ಪೈ ತಿನ್ನಿ, ಕಾಫಿ ಕುಡೀರಿ, ಆಮೇಲೆ ತೀರ್ಮಾನ ಮಾಡೋಣ," ಎಂದು ಕೂಗಿದ.

ಓರಿನ್‌ಗೆ ಇದೊಂದೂ ಕೇಳಲಿಲ್ಲ. ಗ್ರಾಂಟನ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಬಂದ. ಹೊರಗೆ ಹಿಮ ಬೀಳುತ್ತಿತ್ತು. ಇಬ್ಬರಿಗೂ ಮೇಲಂಗಿ ಇರಲಿಲ್ಲ.

"ನಿನಗೂ ಹೇಳಿದ್ನಾ?" ಓರಿನ್ ಹಲ್ಲು ಕಡಿದ. "ಯಾವಾಗ? ಕೊನೇ ಕಾಲದಲ್ಲಿ ಪಕ್ಕ ಕೂತ್ಕೊಂಡು ಬಾಯಿ ಬಿಡಿಸಿದ್ಯಾ? ಹಲ್ಲು ಕೀಳೋನಲ್ವಾ ನೀನು, ಇದನ್ನೂ ಕಿತ್ಕೊಂಡೆ!"

"ಮೆತ್ತಗೆ ಮಾತಾಡು. ಹುಡುಗರು ಕಿಟಕೀಲಿ ನೋಡ್ತಿದ್ದಾರೆ."

"ನೋಡ್ಲಿ! ನಿನಗೆ ಏನು ಕಮ್ಮಿಯಾಗಿತ್ತೋ? ಅಪ್ಪ ಇದೇ ಮನೆಯವನು. ರೂಪ ಇತ್ತು, ಹಾಡು ಇತ್ತು, ಅವನ ನಗುವೆಲ್ಲ ನಿನಗೇ ಇತ್ತು. ನನ್ನದು ಅಂತ ಒಂದೇ ಒಂದು ಇತ್ತು. ಅದನ್ನೂ ನಿನಗೆ ಕೊಟ್ಬಿಟ್ಟ!" ಅರುವತ್ತರ ಹತ್ತಿರದ ಗಂಡಸು, ಕಣ್ಣೀರು ತಡೆಯಲು ಛಾವಣಿ ನೋಡಿದ.

ಗ್ರಾಂಟ್ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದ. ತೆಗೆದು ಹೇಳಿದ, "ಕೊಡ್ಲಿಲ್ಲ ಕಣೋ. ಅದು ಸುಳ್ಳು."

"ಯಾವುದು?"

"ಈಬನ್ ರೂಡ್. ಅಂಥವನು ಇರ್ಲೇ ಇಲ್ಲ. ನಿಮ್ಮೂರ ದಾರೀಲಿ ಯಾರದೋ ಮನೆ ಮುಂದೆ ಒಂದು ಅಂಚೆ ಡಬ್ಬಿ ಇತ್ತಂತಲ್ಲ, ರೂಡ್ ಅಂತ ಬರೆದಿದ್ದು? ಹೆಸರು ಅಲ್ಲಿಂದ ಹೊಳೀತಂತೆ ಟಕ್ಕನಿಗೆ. ನೀನು ಪೆಟ್ಟಿಗೆ ಕಟ್ಟಿದ್ದೆ. ಏನಾದ್ರೂ ಹೇಳಿ ನಿಲ್ಲಿಸ್ಬೇಕಿತ್ತು, ಬಾಯಿಗೆ ಬಂದದ್ದು ಹೇಳ್ದ. ದೀಕ್ಷೆ ದಿನ ತಿದ್ದೋಣ ಅಂತ ನಿನ್ನ ಕಿವಿ ಹತ್ರ ಬಗ್ಗಿದ್ನಂತೆ, ಆಗ್ಲಿಲ್ಲವಂತೆ."

ಓರಿನ್ ಕಂಬ ಹಿಡಿದುಕೊಂಡ.

"ಸುಳ್ಳೇ ಹೇಳಿಲ್ಲ ಅಂದಿದ್ದ ನನಗೆ."

"ಹೂಂ. ಅದೂ ಸುಳ್ಳೇ."

"ನಾನು ಆ ಕಲ್ಲಿಗೆ ಹೂವಿಡ್ತೀನಲ್ಲೋ. ಟಕ್ ಬಂದು ಟೋಪಿ ತೆಗೆದು ನಿಂತಿದ್ನಲ್ಲೋ!"

"ಅವತ್ತು ಹೇಳಿಬಿಡ್ಬೇಕು ಅಂತಲೇ ಬಂದಿದ್ನಂತೆ. ನೀನು ಮಂಡಿಯೂರಿ ಕಲ್ಲಿನ ಸುತ್ತ ಹುಲ್ಲು ಕೀಳ್ತಿದ್ದೆಯಂತೆ. ಬಾಯಿ ಬರ್ಲಿಲ್ಲ ಅಂದ."

"ನಿನಗೆ ಇದೆಲ್ಲ ಯಾವಾಗಿಂದ ಗೊತ್ತು?"

"ನನ್ನ ದೀಕ್ಷೆ ದಿನದಿಂದ. 'ನನ್ನ ಅಣ್ಣ ನನಗೆ ಸುಳ್ಳು ಹೇಳ್ಲಿಲ್ಲ' ಅಂತ ನೀನು ಮನೆಯಿಡೀ ಡಂಗುರ ಹೊಡೀತಿದ್ದೆ. ನನಗೆ ತಡೀಲಿಲ್ಲ, ಅವನನ್ನೇ ಕೇಳ್ದೆ. ಅವನು ಹೇಳಿ, ಸತ್ರೂ ನಿನಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡ. ಇವತ್ತು ಒಳಗೆ ಅವರೆಲ್ಲ ನಿನ್ನ ನೋಡಿ ನಗೋಕೆ ಶುರು ಮಾಡಿದ್ರಲ್ಲ, ಅದಕ್ಕೆ ಹಾಗಂದೆ. ನೀನು ಇಲ್ಲಿ ಬಂದು ನನ್ನನ್ನೇ ಕಳ್ಳ ಮಾಡಿದ್ಮೇಲೆ ಇನ್ನೆಲ್ಲಿ ಆಣೆ?"

ಓರಿನ್‌ನ ತಲೆಯಲ್ಲಿ ಮೊದಲು ಬಂದ ಯೋಚನೆ ಏನು ಗೊತ್ತೇ? ನನ್ನ ಅಣ್ಣ ನನ್ನನ್ನು ಮೂರ್ಖನನ್ನಾಗಿ ಮಾಡಿದ ಎಂದಲ್ಲ. ಒಳ್ಳೆಯವನಾಗುವುದರಲ್ಲೂ ಈ ಗ್ರಾಂಟನೇ ಮುಂದೆ ಹೋದನಲ್ಲ ಎಂದು.

ಗ್ರಾಂಟ್ ಮೆಟ್ಟಿಲ ಮೇಲಿನ ಹಿಮವನ್ನು ಬೂಟಿನಿಂದ ತಳ್ಳುತ್ತ ಇನ್ನೂ ಮಾತಾಡುತ್ತಿದ್ದ. "ನನ್ನ ಸುಳ್ಳು ಏನಿತ್ತು ಗೊತ್ತಾ? ಕುದುರೆ ಹೆಸರು. ದೀಕ್ಷೆ ದಿನ ಬಂದ, 'ಡಾಲಿ ಅಲ್ಲ, ಬೆಸ್' ಅಂದ, ಬೆನ್ನು ತಟ್ಟಿದ, ಬಿಯರ್ ತರೋಕೆ ಹೋದ. ಮುಗೀತು. ಎಲ್ಲರಿಗೂ ಮಾಡಿದ ಹಾಗೆ. ನಿನ್ನದನ್ನ ನೋಡು, ಬದುಕಿರೋವರೆಗೂ ಕಾಪಾಡ್ದ. ಯಾರಿಗಾದ್ರೂ ಹಾಗೆ ಮಾಡಿದ್ನಾ? ಕೊನೇ ದಿನಗಳಲ್ಲಿ ಹಲ್ಲು ತೊಡಿಸ್ತಾ ಕೂತಿರ್ತಿದ್ದೆ, ನನ್ನ ಮುಖ ನೋಡ್ತಾ 'ಓರಿನ್ ಯಾಕೆ ಬರ್ಲಿಲ್ಲ, ಸೂಪು ತರ್ತೀನಿ ಅಂದಿದ್ದ' ಅನ್ನೋನು. ಬೆಂಕಿ ಹತ್ತಿಕೊಳ್ಳೋದು ನನಗೆ. ಇಷ್ಟು ವಯಸ್ಸಾಯ್ತು, ಹೇಳ್ಕೊಳ್ಳೋಕೆ ನಾಚಿಕೆ. ನಿನ್ನ ಕಂಡ್ರೆ ನನಗೆ ಹೊಟ್ಟೆ ಉರಿ ಕಣೋ. ಹತ್ತೊಂಬತ್ತನೇ ವಯಸ್ಸಿಂದ."

ಓರಿನ್ ತಲೆಯೆತ್ತಿ ಅವನನ್ನು ನೋಡಿದ. "ನಿನಗೆ? ನನ್ನ ಕಂಡ್ರೆ?"

"ಹೂಂ. ಒಳಗೆ ನಡಿ, ಚಳಿ."

ಒಳಗೆ ಹುಡುಗರು ಆಗಲೇ ಏಣಿ ತಂದು ಹಲಗೆಯ ಕೆಳಗೆ ನಿಲ್ಲಿಸಿದ್ದರು. ಡೆವಿನ್ ಓಡಿಬಂದ. "ಸ್ಟಕಿಯವ್ರೇ, ತೀರ್ಮಾನ ಆಯ್ತು! ಮೊದಲು ಹೇಳಿದವರು ನೀವು, ಲಾಂದ್ರ ನಿಮಗೇ. ಹೆಸರು ಹೇಗೆ ಬರೆಸ್ಬೇಕು, ಬರೀ ಈಬನ್ ರೂಡ್ ಸಾಕಾ, ಬೇರ್ ಫೋರ್ಕ್ ಅಂತಲೂ ಇರ್ಲಾ?"

ಓರಿನ್ ಲಾಂದ್ರ ನೋಡಿದ. ಗಾಜು ಒರೆಸಿ, ಎಣ್ಣೆ ತುಂಬಿ, ಮೇಜಿನ ಮೇಲೆ ಇಟ್ಟಿದ್ದರು. ಸುಮ್ಮನೆ ಹೂಂ ಎಂದಿದ್ದರೆ ಆಗಿತ್ತು. ಗ್ರಾಂಟ್ ಬಾಯಿ ಬಿಡುತ್ತಿರಲಿಲ್ಲ, ಅದು ಓರಿನ್‌ಗೂ ಗೊತ್ತಿತ್ತು. ಬಂಗಾರದ ಬಣ್ಣದಲ್ಲಿ ಬೇರ್ ಫೋರ್ಕ್ ಎಂದು ಕಾಣುವುದನ್ನು ಒಂದು ಕ್ಷಣ ಕಣ್ಣು ತುಂಬ ಕಲ್ಪಿಸಿಕೊಂಡ. ಆಮೇಲೆ ಹುಡುಗರ ಸಾಲು ನೋಡಿದ. ಇವರು ನಾಳೆ ತಮ್ಮ ತಮ್ಮಂದಿರಿಗೆ ಇದನ್ನೇ ನಿಜವೆಂದು ಕಲಿಸುತ್ತಾರೆ. ಈಬನ್ ರೂಡ್ ಎಲ್ಲರ ಪಾಲಾಗುತ್ತಾನೆ.

"ಏಣಿ ತೆಗೀರಿ," ಎಂದ. "ಐವರೇ. ಲಾಂದ್ರ ಹಿಡಿದವನು ಏಸಾ ವಿಟ್ಲಾಕ್. ಈಬನ್ ರೂಡ್ ನನ್ನ ಸುಳ್ಳು. ಎಲ್ಲರಿಗೂ ಒಂದೊಂದು ಇರುತ್ತಲ್ಲ, ಇದು ನನ್ನದು. ಟಕ್ ನನಗೆ ಹೇಳಿದ್ದು. ನನಗೆ ಇವತ್ತು ಗೊತ್ತಾಯ್ತು."

ಯಾರೂ ನಗಲಿಲ್ಲ. ಅವನ ಜಂಬ ಕೇಳಿ ಕೇಳಿ ಕಿವಿ ತೂತಾಗಿದ್ದ ಹಳಬರು ಕೂಡ ನಗಲಿಲ್ಲ.

"ಹಾಗಾದ್ರೆ... ಲಾಂದ್ರ?" ಎಂದ ಡೆವಿನ್.

"ಗ್ರಾಂಟನಿಗೆ ಕೊಡಿ. ಬಾಯಲ್ಲಿ ಏನೇ ಅಂದ್ರೂ ಅವನಿಗೆ ಸರಿ ಉತ್ತರ ಗೊತ್ತಿತ್ತು. ನನಗೆ ಗೊತ್ತಿರ್ಲಿಲ್ಲ."

ಇದನ್ನು ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ಗ್ರಾಂಟ್ ಲಾಂದ್ರವನ್ನು ಎತ್ತಿಕೊಂಡಾಗ ಓರಿನ್‌ಗೆ ಅದನ್ನು ಕಸಿದುಕೊಂಡು ಗುಡ್ಡದ ಕೆಳಗೆ ಎಸೆಯಬೇಕೆನ್ನಿಸಿತು. ಗ್ರಾಂಟನ ಸುಟ್ಟ ಬೆರಳಿಗೆ ಕಡ್ಡಿ ಗೀರಲು ಆಗಲಿಲ್ಲವೆಂದು ಓರಿನ್ನೇ ಗೀರಿ ಹೊತ್ತಿಸಿದ. "ನೆಟ್ಟಗೆ ಹಿಡಿಯೋ, ಎಣ್ಣೆ ಚೆಲ್ತೀಯ, ಕಾರ್ಪೆಟ್ ನನ್ನದು," ಎಂದು ಗದರಿದ.

ಮನೆಗೆ ಬಂದಾಗ ಡಾರ್ಲಾ ಬಾಗಿಲಲ್ಲೇ ನಿಂತಿದ್ದಳು. ಗಂಡನ ಬರಿಗೈ ನೋಡಿದಳು.

"ಯಾರಿಗೆ ಹೋಯ್ತು?"

"ಗ್ರಾಂಟನಿಗೆ." ಬೂಟು ಬಿಚ್ಚುತ್ತ ಕೂತ. ಒಂದು ಬಿಚ್ಚಿ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಹೇಳಿದ, "ಡಾರ್ಲಾ, ಅವನಿಗೆ ನನ್ನ ಕಂಡ್ರೆ ಹೊಟ್ಟೆ ಉರಿಯಂತೆ."

"ಯಾರಿಗೆ?"

"ಗ್ರಾಂಟನಿಗೆ. ಹತ್ತೊಂಬತ್ತನೇ ವಯಸ್ಸಿಂದ. ಅವನ ಬಾಯಲ್ಲೇ ಕೇಳ್ದೆ." ಮುಖ ಅರಳಿತ್ತು. "ತಿನ್ನೋಕೆ ಏನಾದ್ರೂ ಇದೆಯಾ? ಮಧ್ಯಾಹ್ನ ಏನೂ ಸೇರ್ಲಿಲ್ಲ."

ಆ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದಿದ್ದನಲ್ಲ, ಅದನ್ನು ಡಾರ್ಲಾ ನೆನಪಿಸಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಓರಿನ್ ಎಂದಿನಂತೆ ಹೂವು ತೆಗೆದುಕೊಂಡು ಬೇರ್ ಫೋರ್ಕಿಗೆ ಹೋದ. ಹೋಗಿ ನೋಡಿದರೆ ಸ್ಮಶಾನದ ಬೇಲಿಯ ಹತ್ತಿರ ಗ್ರಾಂಟನ ಕಾರು. ಅವನೂ ಒಂದು ಹೂಗೊಂಚಲು ಹಿಡಿದು, ಯಾವ ಕಲ್ಲೆಂದು ತಿಳಿಯದೆ ಪೆಚ್ಚಾಗಿ ನಿಂತಿದ್ದ. ಓರಿನ್ ಅವನನ್ನು ದಾಟಿಕೊಂಡು ನೇರವಾಗಿ ಹೋಗಿ, ರೂಡ್ ಎಂದಿದ್ದ ಕಲ್ಲಿನ ಮುಂದೆ ಮಂಡಿಯೂರಿ ಹುಲ್ಲು ಕಿತ್ತು, ಹೂವನ್ನು ನಡುಮಧ್ಯದಲ್ಲಿ ಇಟ್ಟ. ಗ್ರಾಂಟ್ ಟೋಪಿ ತೆಗೆದು, ಬಗ್ಗಿ, ತನ್ನದನ್ನೂ ಅದರ ಪಕ್ಕಕ್ಕೆ ಇಡಲು ಕೈ ಚಾಚಿದ.

"ಅಲ್ಲಲ್ಲ, ಆ ತುದೀಲಿಡು," ಎಂದ ಓರಿನ್. "ಈ ಸುಳ್ಳು ನನ್ನದು."